ತಲೆಗೆ ಒದ್ದರೆ ನಿಲ್ಲಬೇಕು

ಮಾರ್ಚ್ 2

ಲೈಬ್ರರಿಯ ಬೋರ್ಡಿಗೆ ಈ ವಾರದ ಪ್ರಶ್ನೆ ಬರೆದೆ. ನೂರು ವರ್ಷದ ಹಿಂದೆ, ರೇಡಿಯೋ ಇಲ್ಲದ, ಇಬ್ಬರೇ ಕೂರುವ ಟ್ಯಾಂಕಿನಲ್ಲಿ ಕಮಾಂಡರ್ ಡ್ರೈವರಿಗೆ ಆಜ್ಞೆ ಕೊಡುತ್ತಿದ್ದದ್ದು ಹೇಗೆ? ಉತ್ತರ: ಕಾಲಿನಿಂದ. ಬೆನ್ನಿಗೆ ಒದ್ದರೆ ಮುಂದೆ, ಭುಜಕ್ಕೆ ಒದ್ದರೆ ಆ ಕಡೆ ತಿರುಗು, ತಲೆಗೆ ಒದ್ದರೆ ನಿಲ್ಲು.

ಮಾವನಿಗೆ ತೋರಿಸಿದೆ. ಟ್ಯಾಂಕ್ ಕಮಾಂಡರ್ ಆಗಿದ್ದವರು. ಈಗ ನಮ್ಮ ಸೋಫಾದ ಕಮಾಂಡರ್.

"ನೂರು ವರ್ಷ ಯಾಕಮ್ಮ? ನಾವು ಕಲಿತ ಹಳೇ ಡಬ್ಬದಲ್ಲೂ ಇಂಟರ್‌ಕಾಮ್ ಕೆಟ್ರೆ ಇದೇ ಭಾಷೆ. ಆದ್ರೆ ನಾನು ಬೂಟು ಬಿಚ್ಚಿ ಒದೀತಿದ್ದೆ."

"ಎಷ್ಟು ಒಳ್ಳೆಯವರು ಮಾವ ನೀವು."

"ಅದಕ್ಕೇ ಆ ಡ್ರೈವರ್ ಇವತ್ತಿಗೂ ಫೋನ್ ಮಾಡ್ತಾನೆ."

ಮಾರ್ಚ್ 5

ಆ ಡ್ರೈವರ್ ಇವತ್ತು ಫೋನ್ ಮಾಡಿದರು. 30ಕ್ಕೆ ಹಳೆಯ ರೆಜಿಮೆಂಟಿನವರ ಕೂಟ. ಇವರಿಬ್ಬರ ಟ್ಯಾಂಕನ್ನು ಸ್ಮಾರಕವಾಗಿ ಕಟ್ಟೆಯ ಮೇಲೆ ಏರಿಸುತ್ತಾರಂತೆ. ಡ್ರೈವರಿಗೆ ಕಣ್ಣು ಮಂಜಾಗುತ್ತಿದೆ. "ಇನ್ನೊಂದು ವರ್ಷ ಬಿಟ್ರೆ ನಿಮ್ಮ ಮುಖ ಕಾಣಲ್ಲ ಸರ್" ಎಂದರಂತೆ.

ಅವತ್ತು ನಮ್ಮವರಿಗೆ ಡ್ಯೂಟಿ. ಮಾವನ ಮಂಡಿಗೆ ಬಸ್ಸು ಆಗದು. ಬಾಡಿಗೆ ಕಾರು ಮಾಡೋಣ ಎಂದೆ.

"ಗೊತ್ತಿಲ್ಲದ ಡ್ರೈವರ್ ಜೊತೆ ನಾನು ಯುದ್ಧಕ್ಕೂ ಹೋಗಿಲ್ಲ."

ಉಳಿದವಳು ನಾನು. ಡ್ರೈವಿಂಗ್ ಟೆಸ್ಟು 16ಕ್ಕೆ. ಎರಡು ಸಾಲು ಹೊಳೆಯಿತು:

ಕಾರಿನ ಮುಂದೆ ಎಲ್ ಬೋರ್ಡು ಮಾತ್ರ,
ಒಳಗೆ ಒಮ್ಮೆ ಫೇಲಾದ ಪಾತ್ರ.

ಮಾರ್ಚ್ 9

ಮೈದಾನದಲ್ಲಿ ಪಾಠ. ಮಾವ ಹಿಂದಿನ ಸೀಟಿನಲ್ಲಿ. ಕಾಲಿನ ಬದಲು ಕೈ — ಸೊಸೆಗೆ ರಿಯಾಯಿತಿ. ಎಡಭುಜ ತಟ್ಟಿದರೆ ಎಡ, ಬಲಭುಜ ತಟ್ಟಿದರೆ ಬಲ, ನೆತ್ತಿ ಮುಟ್ಟಿದರೆ ಬ್ರೇಕ್. ಬರುತ್ತಿದೆ! ನಮ್ಮವರು ಬಾಯಿ ಬಡಿದುಕೊಂಡು ಹೇಳಿಕೊಟ್ಟಾಗ ಬರದ್ದು.

ರಿವರ್ಸ್ ಮಾಡುವಾಗ ಕನ್ನಡಿ ನೋಡಿದೆ. ನೆತ್ತಿಗೆ ಬಿತ್ತು.

"ಟ್ಯಾಂಕು ಹಿಂದೆ ಸರಿಯುವಾಗಲೂ ಮೂತಿ ಶತ್ರು ಕಡೆಗೇ ಇರ್ಬೇಕು. ದಪ್ಪ ಉಕ್ಕು ಇರೋದು ಅಲ್ಲೇ. ಹಿಂದೆ ನೋಡೋದು ನನ್ನ ಕೆಲಸ. ನೀನು ನೋಡಿದ್ರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ಅರ್ಥ."

ಎದುರಿಗೆ ಒಂದು ಮೇಕೆ. ಶತ್ರು ಅದೇ ಇರಬೇಕು.

ಮಾರ್ಚ್ 16, ಮಧ್ಯಾಹ್ನ

ಫೇಲ್.

ಕಂಬಗಳ ನಡುವೆ ರಿವರ್ಸ್. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಬಿದ್ದ ಪೆನ್ನಿಗೆಂದು ಬಗ್ಗಿದರು. ಅವರ ಫೈಲು ನನ್ನ ಎಡಭುಜಕ್ಕೆ ತಾಗಿತು. ತಿರುಗಿಸಿಬಿಟ್ಟೆ. ಕಂಬ ಮಲಗಿತು.

"ಅಲ್ಲಮ್ಮ, ಯಾರು ತಿರುಗಿಸು ಅಂದ್ರು?"

"ನೀವೇ ಸರ್."

ಮನೆಯಲ್ಲಿ ಹೇಳಿದಾಗ ಮಾವ ನಗುತ್ತಾರೆ ಅಂದುಕೊಂಡೆ. ತಮ್ಮ ಅಂಗೈ ನೋಡಿಕೊಂಡರು.

"ಬರಲ್ಲ ಅಂತ ಹೇಳ್ಬಿಡ್ಲಾ ಅವನಿಗೆ?"

"ಇನ್ನೊಂದು ಟೆಸ್ಟಿದೆ ಮಾವ. 27ಕ್ಕೆ."

ಮಾರ್ಚ್ 21

ಐದು ದಿನದ ಮೇಲೆ ಮತ್ತೆ ಮೈದಾನ. ಇಟ್ಟಿಗೆ ನಿಲ್ಲಿಸಿ ಕಂಬ ಮಾಡಿದೆವು. ರಿವರ್ಸ್ ಹಾಕಿ, ತಟ್ಟಲೆಂದು ಕಾದೆ. ತಟ್ಟಲಿಲ್ಲ.

"ಮಾವ?"

ಕನ್ನಡಿಯಲ್ಲಿ ನೋಡಿದೆ. ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಾರೆ.

"ಇಟ್ಟಿಗೆ ಕಾಣ್ತಿದೆಯಾ?"

"ಕಾಣ್ತಿದೆ."

"ನಂಗೆ ಕಾಣ್ತಿಲ್ಲ ಅಂದ್ಕೋ."

ನಾಲ್ಕು ಸಲ ಇಟ್ಟಿಗೆ ಬಿತ್ತು. ಐದನೆಯದು ಸರಿಹೋಯಿತು. ಒಂದು ಸಲವೂ ಕೈ ಈಚೆ ಬರಲಿಲ್ಲ. ಇಳಿಯುವಾಗ ಅವರ ಬೆರಳೆಲ್ಲ ಜೋಮು ಹಿಡಿದಿತ್ತು. ಬಾಗಿಲು ನಾನೇ ತೆರೆದೆ.

ಮಾರ್ಚ್ 27

ಪಾಸು. ಇನ್‌ಸ್ಪೆಕ್ಟರ್ ಫೈಲನ್ನು ಎದೆಗೆ ಅವುಚಿಕೊಂಡು, ಆಚೆ ಕಿಟಕಿಗೆ ಅಂಟಿಕೊಂಡು ಕೂತಿದ್ದರು.

ಮಾರ್ಚ್ 30, ಬೆಳಿಗ್ಗೆ 6:40

ಮಾವ ಸಿದ್ಧ. ಕೋಟು, ಪದಕ, ಮುಖ ಕಾಣುವಂತೆ ಉಜ್ಜಿದ ಬೂಟು. ಹಿಂದಿನ ಬಾಗಿಲು ತೆರೆದು ನಿಂತೆ. ಅವರು ಮುಂದೆ ಹೋಗಿ ನನ್ನ ಪಕ್ಕದ ಸೀಟಿನಲ್ಲಿ ಕೂತರು.

"ಕಮಾಂಡರ್ ಸೀಟು ಹಿಂದಲ್ವಾ ಮಾವ?"

"ಬೇಡಮ್ಮ. ಅಲ್ಲಿ ಕೂತ್ರೆ ಕೈ ಸುಮ್ನಿರಲ್ಲ."

ಕನ್ನಡಕ ಮರೆತೆ ಎಂದು ಒಳಗೆ ಬಂದೆ. ಮರೆತಿರಲಿಲ್ಲ. ಎರಡು ಸಾಲು ಹೊಳೆದಿತ್ತು, ಆ ಡ್ರೈವರಿಗೆ ಓದಿ ಹೇಳಲು. ಹೊರಗೆ ಹಾರ್ನ್ ಆಗುತ್ತಿದೆ — ಮಾವನ ಕೈ ಅಲ್ಲಿಗೂ ತಲುಪಿತು. ಬೇಗ ಬರೆಯಬೇಕು...

ಬೂಟು ಬಿಚ್ಚಿ ಒದ್ದ ಕಾಲು ನೋಡಲೆಂದು ಬಂದಿದೆ,
ಕಣ್ಣು ಮಂಜು ಆದರೇನು, ಭುಜಕೆ ಇನ್ನೂ ನೆನಪಿ—