ಮರಿಹುಳುಗಳ ಬೂಷ್ಟು

ಅಕ್ಕಾ, ಸುಖವಾಗಿ ಬಂದು ಸೇರಿದೆ. ಆದರೆ ಇಲ್ಲಿಯ ಕೆಲಸದ ತಲೆ ಬುಡ ಅರ್ಥವಾಗ್ತಿಲ್ಲ.

ಈ ಪ್ರಯೋಗಾಲಯದಲ್ಲಿ ಸೀಳಿದ ಮರದ ತುಂಡಿಗೆ ಗಾಜು ಮುಚ್ಚಿ ದುಂಬಿ ಸಾಕ್ತಾರೆ. ಅವು ಕೊರೆದ ಸುರಂಗದ ತುಂಬ ಬೂಷ್ಟು. ಅದರಲ್ಲೇ ಮರಿಹುಳುಗಳು ಹೊರಳಾಡ್ತಿದ್ದವು. ಹೆರಿಗೆ ವಾರ್ಡಿನಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು ನಾನು, ಸುಮ್ಮನಿರ್ತೀನಾ? ಗಾಜು ತೆಗೆದು, ಕಡ್ಡಿಗೆ ಹತ್ತಿ ಸುತ್ತಿ, ಒಂದು ಮರಿಗೂ ನೋವಾಗದ ಹಾಗೆ ಪೂರ್ತಿ ಒರೆಸಿಟ್ಟೆ.

ಮೇಡಂ ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. ಮರಿಗಳ ಬಾಯಿಗೆ ಮರ ಅಗಿಯೋಕೆ ಬರಲ್ವಂತೆ, ಬೂಷ್ಟೇ ಅವುಗಳ ಊಟವಂತೆ. ತಾಯಿದುಂಬಿ ಅದನ್ನ ಬಾಯಿ ಪಕ್ಕದ ಪುಟ್ಟ ಚೀಲದಲ್ಲಿ ಹೊತ್ತು ತಂದು ಸುರಂಗದಲ್ಲಿ ಬಿತ್ತುತ್ತದಂತೆ! ಭೂತಗನ್ನಡಿಯಲ್ಲಿ ಆ ಚೀಲವನ್ನೂ ತೋರಿಸಿದರು. ಆರು ಮರಿ ಸತ್ತವು. ಉಳಿದವು ನಾನು ಚೊಕ್ಕ ಮಾಡಿದ ಬರಿ ಮರವನ್ನೇ ನೆಕ್ತಾ ಇವೆ.

ಕೆಲಸದಿಂದ ತೆಗೆದಿಲ್ಲ. ನಾಳೆಯಿಂದ ಬೂಷ್ಟು ಬೆಳೆಸೋ ಕೆಲಸ ನನಗೇ ವಹಿಸಿದ್ದಾರೆ. ಮಂಡಿನೋವು ಪರವಾಗಿಲ್ಲ, ನೀನು ಕೊಟ್ಟ ಎಣ್ಣೆ ಇನ್ನೂ ಇದೆ. ಕಾರ್ಡಿನಲ್ಲಿ ಜಾಗ ಮುಗೀತು, ಒಂದೇ ಮಾತು: ನಾಳೆ ಕೈ ತೊಳೆದುಕೊಂಡು ಹೋಗಲಾ, ತೊಳೆಯದೆ ಹೋಗಲಾ? ಈ ವಯಸ್ಸಲ್ಲಿ ಮೇಡಂನ ಕೇಳೋಕೆ ನಾಚಿಕೆ.

ನಿನ್ನ ತಂಗಿ