ನೀರಿಗೆ ತುಕ್ಕಿನ ರುಚಿ

ಮನೆ, ಅಡುಗೆಕೋಣೆಯ ಮೇಜು
ಆಗಸ್ಟ್ ೧೮, ಭಾನುವಾರ ಮಧ್ಯಾಹ್ನ

ಏನ್ರೀ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಎಂಜಿನ್ ಕೋಣೆಯ ಸೆಕೆಯಿಂದ ಒದ್ದೆ ಬನಿಯನ್ನಿನಲ್ಲೇ ಡೆಕ್ಕಿನ ಗಾಳಿಗೆ ಹೋಗಿ ನಿಲ್ಲಬಾರದಂತೆ, ಅತ್ತೆ ಹೇಳಿದ್ದಾರೆ. ನಾನೂ ಹೇಳಿದ್ದೇನೆ ಎಂದು ಸೇರಿಸಿಕೊಳ್ಳಿ. ಇಲ್ಲಿ ನಾನು, ಗುಬ್ಬಿ ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಮಗಳಿಗೆ ಶಾಲೆಯ ಶೂ ಮತ್ತೆ ಬಿಗಿಯಾಗಿದೆ. ಕಾಲು ಬೆಳೆಯುವಷ್ಟು ಬೇಗ ಬುದ್ಧಿ ಬೆಳೆಯುತ್ತಿಲ್ಲ ಎಂದು ಅಜ್ಜಿಯ ತೀರ್ಪು. ಫೋನ್ ಇರುವಾಗ ಕಾಗದವೇಕೆ ಎಂದು ನೀವು ಕೇಳುತ್ತೀರಿ. ನೀವು ಫೋನ್ ಮಾಡಿದಾಗಲೆಲ್ಲ ಅತ್ತೆ ಪಕ್ಕಕ್ಕೆ ಬಂದು ಕುಳಿತು, "ಜೋರಾಗಿ ಇಡೇ, ನನಗೂ ಕೇಳಲಿ" ಅನ್ನುತ್ತಾರೆ. ಈಗ ಮಲಗಿದ್ದಾರೆ. ನಿಮ್ಮ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗೆ ಇದು ಅಲ್ಲಿನ ನಿಮ್ಮ ಕಂಪನಿಯ ಏಜೆಂಟರ ಕೈ ಸೇರುತ್ತದೆ ಎಂಬ ನಂಬಿಕೆಯಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಾದರೆ ನನಗೆ ಸಲೀಸು. ಆದರೆ ಅತ್ತೆಯ ಮಾತನ್ನು ಇಂಗ್ಲಿಷಿಗೆ ತಂದರೆ ಬೇರೆ ಯಾರೋ ಮುದುಕಿ ಆಡಿದ ಹಾಗಿರುತ್ತದೆ.

ಮೊದಲು ಫಿಲ್ಟರಿನ ವಿಷಯ. ಅದನ್ನು ಕೊಳ್ಳುವುದು ನೀರು ಕುಡಿದಷ್ಟು ಸುಲಭ ಅಂದುಕೊಂಡಿದ್ದೆ. ನೀವು ಹಡಗಿನಲ್ಲಿ ಕುಳಿತು "ಆರ್‌ಓ ಹಾಕಿಸು, ಕಣ್ಣು ಮುಚ್ಚಿಕೊಂಡು ಹಾಕಿಸು" ಎಂದಿರಿ. ಸಮುದ್ರದ ನೀರನ್ನೇ ಕುಡಿಯುವ ನೀರು ಮಾಡಿ ನಾವಿಕರಿಗೆಲ್ಲ ಕುಡಿಸುವವರು ನೀವು, ಹಾಗೆ ಹೇಳುವುದು ಸಹಜ. ಆದರೆ ನಮ್ಮ ನಲ್ಲಿಯಲ್ಲಿ ಬರುವುದು ಸಮುದ್ರವಲ್ಲವಲ್ಲ? ಪ್ರಯೋಗಾಲಯಕ್ಕೆ ನೀರು ಕೊಟ್ಟು ಪರೀಕ್ಷೆ ಮಾಡಿಸಿದೆ. ಲವಣ ಮಿತಿಯಲ್ಲಿದೆ, ಕಬ್ಬಿಣದ ಅಂಶ ಇಲ್ಲವೇ ಇಲ್ಲ. ಆರ್‌ಓ ಹಾಕಿದರೆ ಕುಡಿಯುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಮಣ್ಣು ತಡೆಯಲು ಒಂದು ಜಾಲರಿ, ವಾಸನೆ ಹೀರಲು ಇದ್ದಿಲು, ಕ್ರಿಮಿ ಕೊಲ್ಲಲು ಯುವಿ ದೀಪ, ಇಷ್ಟಿದ್ದರೆ ಸಾಕು ಎಂದು ನನ್ನ ಲೆಕ್ಕ. ಅಂಗಡಿಯವನು ನಿಮ್ಮ ಪಕ್ಷ: "ಮೇಡಂ, ನೀರು ಚೆಲ್ಲಿದ್ರೆ ಚೆಲ್ಲಲಿ, ಆರೋಗ್ಯ ಚೆಲ್ಲಬಾರದು!" ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಾನು ಹೋಲಿಕೆಯ ಪಟ್ಟಿ ಬರೆಯುವುದು, ಹರಿಯುವುದು, ಆಫೀಸಿನಲ್ಲೂ ಅದೇ ಯೋಚನೆ. ಈಗಲೂ ಎರಡು ಸಾಲು ಬರೆದು ಎದ್ದು ಹೋಗಿ ನಲ್ಲಿ ತಿರುಗಿಸಿ ನೋಡಿ ಬಂದು ಕೂರುತ್ತಿದ್ದೇನೆ. ನೀರು ನೀರಿನ ಹಾಗೇ ಬರುತ್ತಿದೆ.

ಫಿಲ್ಟರಿಗಾಗಿ ಇಷ್ಟು ಚಡಪಡಿಸುವವಳಲ್ಲ ನಾನು, ನಿಮಗೂ ಗೊತ್ತು. ಅತ್ತೆ ಕೆಲವು ತಿಂಗಳಿಂದ ನೀರಿಗೆ ತುಕ್ಕಿನ ರುಚಿ ಎನ್ನುತ್ತಿದ್ದಾರಲ್ಲ, ನೀವಿದ್ದಾಗಲೇ ಶುರುವಾಗಿತ್ತು. ನಲ್ಲಿ ಬದಲಾಯಿಸಿದೆ. ಟ್ಯಾಂಕ್ ತೊಳೆಸಿದೆ. ಕಾಯಿಸಿ ಆರಿಸಿ ಕೊಟ್ಟೆ, ಕ್ಯಾನಿನ ನೀರು ತರಿಸಿದೆ. ಎಲ್ಲದಕ್ಕೂ ಒಂದು ಗುಟುಕು, ಒಂದು ಮುಖ ಸಿಂಡರಿಸುವುದು, "ತುಕ್ಕು". ಕ್ರಮೇಣ ನೀರು ಕುಡಿಯುವುದನ್ನೇ ಬಿಟ್ಟ ಹಾಗೆ ಆಗಿದೆ. ಹೋದ ವಾರ ಬಚ್ಚಲಿನಲ್ಲಿ ತಲೆ ಸುತ್ತಿ ಗೋಡೆ ಹಿಡಿದು ಕುಳಿತುಬಿಟ್ಟಿದ್ದರು. ಫೋನಿನಲ್ಲಿ ಇದನ್ನು ಹೇಳಲಾಗಲಿಲ್ಲ. ಡಾಕ್ಟರು ಮುಂಗೈ ಚರ್ಮ ಎಳೆದು ನೋಡಿ, ಹೀಗೇ ಆದರೆ ಮೂತ್ರಪಿಂಡ ಕೈಕೊಡುತ್ತದೆ ಎಂದು ಗದರಿದರು. ಅತ್ತೆ ಬಿಡುತ್ತಾರೆಯೇ? "ಕುಡಿಯೋ ಹಾಗಿದ್ರೆ ಕುಡೀತಿದ್ದೆ ಡಾಕ್ಟ್ರೇ. ಸೊಸೇನ ಕೇಳಿ, ಏನು ನೀರು ಕೊಡ್ತಾಳೆ ಅಂತ." ದಾರಿಯುದ್ದಕ್ಕೂ ಆ ಮಾತನ್ನೇ ತಿರುವಿ ಹಾಕುತ್ತಾ ಬಂದೆ. ಇದು ನೀರಿನ ಮೇಲಿನ ದೂರೇ, ನನ್ನ ಮೇಲಿನದೇ? ನಾನು ಕೊಟ್ಟದ್ದೆಂಬ ಕಾರಣಕ್ಕೇ ರುಚಿಸುತ್ತಿಲ್ಲವೇ?

ನಿನ್ನೆ ಒಂದು ಪರೀಕ್ಷೆ ಮಾಡಿದೆವು. ಅಂಗಡಿಯವನು ಎರಡು ಬಗೆಯ ಫಿಲ್ಟರಿನ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಟ್ಟಿದ್ದ, ಮೂರನೆಯದು ನಮ್ಮ ನಲ್ಲಿಯದು. ಒಂದೇ ಥರದ ಸ್ಟೀಲ್ ಲೋಟಗಳು, ಯಾವುದು ಯಾವುದೆಂದು ತಳದಲ್ಲಿ ಗುಬ್ಬಿ ಚೀಟಿ ಅಂಟಿಸಿದ್ದಳು. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ನ್ಯಾಯಾಧೀಶರ ಹಾಗೆ ಕುಳಿತರು. "ನೀರಿನ ರುಚಿ ನೋಡೋಕೆ ಕನ್ನಡಕ ಯಾಕಜ್ಜೀ?" ಎಂದು ಇವಳು. "ಸುಮ್ನಿರೇ, ನಿನ್ನ ಕಳ್ಳಾಟ ನೋಡೋಕೆ" ಎಂದು ಅವರು. ಮೊದಲ ಲೋಟ, ತುಕ್ಕು. ಎರಡನೆಯದು, ತುಕ್ಕು. ಮೂರನೆಯದನ್ನು ಎರಡು ಗುಟುಕು ನುಂಗಿ, "ಇದೂ ಅದೇ ಕಣೇ" ಎಂದರು. ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು. ಅಜ್ಜಿ ಲೋಟ ಕೆಳಗಿಟ್ಟು ಸೆರಗಿನಿಂದ ತುಟಿ ಒರೆಸಿಕೊಂಡರು. ಆಗ ಅವಳ ನಗು ಹಾಗೇ ನಿಂತುಹೋಯಿತು. ಅತ್ತೆ ಎದ್ದು ಹೋದ ಮೇಲೆ ನಾನು ಆ ಲೋಟಕ್ಕೆ ಬಾಯಿಟ್ಟು ಸಿಂಕಿಗೆ ಉಗುಳಿದೆ. ಅಜ್ಜಿಯನ್ನು ಬೇಸ್ತು ಬೀಳಿಸಲು ಅವಳು ಅದಕ್ಕೆ ಒಂದು ಚಮಚ ಉಪ್ಪು ಕಲಸಿದ್ದಳು. "ಅಮ್ಮಾ, ಅಜ್ಜಿ ಉಗೀಲೇ ಇಲ್ಲ" ಎಂದು ಒಂದೇ ಸಮನೆ ಅತ್ತಳು.

ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಒಂದೊಂದೇ ನೆನಪಾಗುತ್ತಿದೆ. ಅತ್ತೆ ಮಂಡಿನೋವೆಂದು ಒಲೆಯ ಮುಂದಿನ ಹೆಚ್ಚಿನ ಕೆಲಸ ನನಗೆ ಬಿಟ್ಟದ್ದು. "ಉಪ್ಪು ನೋಡು ಬಾರೇ" ಎಂದು ಗುಬ್ಬಿಯ ಅಂಗೈಗೆ ಸಾರು ಹಾಕುತ್ತಿದ್ದದ್ದು. ಮೊಮ್ಮಗಳಿಗೆ ಅಡುಗೆ ಕಲಿಸುತ್ತಿದ್ದಾರೆಂದು ನನಗೆ ಹೆಮ್ಮೆಯಾಗಿತ್ತು. ಇನ್ನೊಂದಿದೆ. ಮೊನ್ನೆ ಆಫೀಸಿನಿಂದ ಬಂದಾಗ ಬಾಗಿಲಲ್ಲೇ ಗ್ಯಾಸಿನ ವಾಸನೆ. ಒಲೆಯ ತಿರುಪು ಚೂರು ತೆರೆದಿತ್ತು, ಅತ್ತೆ ಅದರ ಪಕ್ಕದಲ್ಲೇ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಮರೆವು ಎಂದುಕೊಂಡೆ. ಸುಟ್ಟ ಮನೆಗಳಿಗೆ ವಿಮೆ ಕೊಡಬೇಕೋ ಬೇಡವೋ ಎಂದು ಕಡತ ನೋಡುವುದೇ ನನ್ನ ಕೆಲಸ, ಒಂದು ತಿರುಪಿನಿಂದ ಏನಾಗುತ್ತದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಆ ವಾಸನೆ ಅವರ ಮೂಗಿಗೆ ತಿಳಿದೇ ಇರಲಿಲ್ಲವೆಂದು ಹೊಳೆಯಲಿಲ್ಲ. ನೀರು ಮಾಡುವ ಗಂಡ, ತಪ್ಪು ಹುಡುಕುವ ಹೆಂಡತಿ ಸೇರಿ ನಲ್ಲಿ, ಟ್ಯಾಂಕ್, ಕೊಳವೆ ಎಲ್ಲವನ್ನೂ ಪರೀಕ್ಷಿಸಿದೆವು, ಕುಡಿಯುವವರೊಬ್ಬರನ್ನು ಬಿಟ್ಟು.

ಗುರುವಾರ ಕಿವಿ-ಮೂಗು-ಗಂಟಲಿನ ಡಾಕ್ಟರ ಬಳಿ ಸಮಯ ಕೇಳಿದ್ದೇನೆ. ಅತ್ತೆ ನುಂಗುವ ಬಿಪಿ ಮಾತ್ರೆಗಳ ಪರಿಣಾಮವಿರಬಹುದು, ನರದ ತೊಂದರೆಯೂ ಇರಬಹುದಂತೆ. ಅತ್ತೆಗೆ ಇನ್ನೂ ಹೇಳಿಲ್ಲ, ಹೇಗೆ ಹೇಳುವುದೆಂದು ತೋಚುತ್ತಿಲ್ಲ. ಯಾವ ಫಿಲ್ಟರ್ ಎಂದು ಮಾತ್ರ ತಿಳಿಸಿ. ಊಟ ಬಿಡಬೇಡಿ, ಬೆನ್ನಿಗೆ ಬಿಸಿ ಶಾಖ ಕೊಟ್ಟುಕೊಳ್ಳಿ. ಗುಬ್ಬಿ ತನ್ನ ಲೆಕ್ಕದ ಅಂಕ ಕೇಳಬಾರದೆಂಬ ಷರತ್ತಿನ ಮೇಲೆ ಮುತ್ತು ಕಳಿಸಿದ್ದಾಳೆ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅತ್ತೆ ಎದ್ದು ಬಂದರು. "ಅವನಿಗಾ?" ಎಂದು ಎದುರು ಕುಳಿತರು. "ಲೋಟಕ್ಕೆ ಉಪ್ಪು ಹಾಕಿದ್ಲು, ಅಲ್ವೇನೇ? ನಾಲಿಗೆಗೆ ಗೊತ್ತಾಗ್ಲಿಲ್ಲ. ಮಗು ಮುಖ ನೋಡಿ ಗೊತ್ತಾಯ್ತು" ಎಂದರು. ರುಚಿ, ವಾಸನೆ ಹೋಗಿದೆಯೆಂದು ಅವರಿಗೆ ತಿಂಗಳುಗಳಿಂದ ಗೊತ್ತಂತೆ ರೀ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನಾನು ನೀರು ತುಕ್ಕು ಅಂದೆ" ಎಂದು ನಗಲು ನೋಡಿದರು, ಆಗಲಿಲ್ಲ. ಡಾಕ್ಟರ ಬಳಿಗೆ ಬರುತ್ತಾರಂತೆ, ಆದರೆ ನಿಮಗೆ ತಿಳಿಸಬಾರದು. "ತಿಳಿದ್ರೆ ಹಡಗು ಬಿಟ್ಟು ಓಡಿ ಬರ್ತಾನೆ, ಬಂದು ನನ್ನನ್ನ ಒಲೆ ಹತ್ರ ಬಿಡಲ್ಲ. ಬರೀ ನೀರಿನ ವಿಷಯ ಬರಿ, ಸಾಕು." ತಲೆಯಾಡಿಸಿದೆ. ಆಮೇಲೆ ಅಂಗಡಿಯ ಚಿತ್ರಗಳಲ್ಲಿ ಪಾರದರ್ಶಕ ಪಾತ್ರೆಯ ಫಿಲ್ಟರಿನ ಮೇಲೆ ಬೆರಳಿಟ್ಟು, "ಇದನ್ನ ತಾ. ನೀರು ಕಣ್ಣಿಗಾದ್ರೂ ಕಾಣುತ್ತೆ. ಬೇರೆಯವರು ಮುಟ್ಟೋದು ಬೇಡ, ಅವನು ಬಂದಾಗ ಅವನೇ ಕೂರಿಸ್ಲಿ" ಎಂದರು. ನನ್ನ ಎದುರೇ ಒಂದು ಲೋಟ ನಲ್ಲಿ ನೀರು ಪೂರ್ತಿ ಕುಡಿದರು. ತುಕ್ಕು ಅನ್ನಲಿಲ್ಲ.

ರಜೆ ಕೇಳಿ. ಪೆಟ್ಟಿಗೆ ತಂದು ಬಿಚ್ಚದೆ ಇಟ್ಟಿರುತ್ತೇನೆ. ಅತ್ತೆ ಕೇಳಿದರೆ ಫಿಲ್ಟರ್ ಕೂರಿಸೋಕೆ ಬಂದೆ ಅನ್ನಿ.