ಬಣ್ಣದ ಮೇಸ್ತ್ರಿಯ ಮಗಳು

ವಿದ್ಯಾರಣ್ಯಪುರಂ, ಮೈಸೂರು
೧೪-೮-೧೯೬೩

ಮಾವನಿಗೆ ದೇವಿರಮ್ಮನ ನಮಸ್ಕಾರ. ನಿಮ್ಮನ್ನೇ ಮದುವೆಯಾಗಿ ಇಪ್ಪತ್ತೊಂದು ವರ್ಷವಾದರೂ, ಅಮ್ಮನ ತಮ್ಮನಾದ ನಿಮ್ಮನ್ನು ಬೇರೆ ರೀತಿ ಕರೆಯಲು ನನಗೆ ನಾಲಿಗೆ ಹೊರಳುವುದಿಲ್ಲ. ನೀವು ಒಂಟಿಕೊಪ್ಪಲಿಗೆ, ನಿಮ್ಮ ತಮ್ಮ ಚಿಕ್ಕಯ್ಯನ ಮನೆಗೆ ಹೋಗಿ ಕೂತು ಇವತ್ತಿಗೆ ಒಂಬತ್ತು ದಿನ. ನಾನೇ ಬರೋಣವೆಂದರೆ ಮುಖ ಕಂಡ ಕೂಡಲೇ ಎದ್ದು ಹೋಗುತ್ತೀರಿ. ಅದಕ್ಕೇ ಈ ಕಾಗದ.

ನಡೆದದ್ದು ನಿಮಗೆ ಅರ್ಧ ಮಾತ್ರ ಗೊತ್ತು. ನಮ್ಮ ಮಗಳು ಪಂಕಜಳಿಗೆ ಗೊತ್ತುಮಾಡಿದ್ದ ಹುಡುಗ ಬಸವರಾಜು ಅವಳ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾನಲ್ಲ, ಅವನು ಕ್ಲಾಸಿನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ, ಚುಕ್ಕಿಗಳ ನಡುವೆ ಯಾವ ಅಂಕಿ ಇದೆ ಎಂದು ಎಲ್ಲರನ್ನೂ ಕೇಳಿದನಂತೆ. ನಮ್ಮವಳಿಗೆ ಏನೂ ಕಾಣಲಿಲ್ಲ. ಅವಳಿಗೆ ಕೆಂಪು ಹಸಿರು ಎರಡೂ ಒಂದೇ ಎಂದು ನನಗೆ ಅವಳ ನಾಲ್ಕನೇ ವಯಸ್ಸಿನಿಂದ ಗೊತ್ತು. ನಿಮ್ಮ ಕಣ್ಣೇ ಬಂದಿದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಆ ಪಾಠವನ್ನು ಪಂಕಜ ನನಗೂ ಹೇಳಿದಳು. ಹೆಂಗಸಿಗೆ ಎಕ್ಸ್ ಎಂಬ ವರ್ಣತಂತು ಎರಡು, ಗಂಡಸಿಗೆ ಒಂದೇ. ಅದರ ಜೊತೆಗಿರುವ ವೈ ಚೋಟುದ್ದ. ಒಂದು ಕಾಲದಲ್ಲಿ ಅದೂ ಎಕ್ಸ್‌ನಷ್ಟೇ ಇದ್ದು, ಕೋಟ್ಯಂತರ ವರ್ಷಗಳಲ್ಲಿ ಒಂದೊಂದೇ ಗುಣ ಕಳೆದುಕೊಂಡು ಸವೆದಿರಬೇಕಂತೆ. ಬಣ್ಣ ಗುರುತಿಸುವ ಗುಣ ಇರುವುದು ಎಕ್ಸ್‌ನಲ್ಲೇ, ವೈನಲ್ಲಿಲ್ಲ. ಹೆಣ್ಣಿಗೆ ಈ ದೋಷ ಬರಬೇಕಾದರೆ ತಾಯಿಯಿಂದಲೂ ಬರಬೇಕು, ತಂದೆಗೂ ಇರಲೇಬೇಕು. ನಿಮ್ಮ ಅಕ್ಕನ ಮಗಳಾದ ನನ್ನಲ್ಲೂ ಅದು ಅಡಗಿತ್ತೆಂದು ಈಗ ಅರ್ಥವಾಯಿತು. ಸವೆದದ್ದು ಗಂಡಸರದು, ಜವಾಬು ಹೇಳಬೇಕಾದವಳು ಮಾತ್ರ ನಾನು!

ನೀವೋ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಮೇಸ್ತ್ರಿ. ನಿಮಗೆ ಬಣ್ಣ ಕಾಣುವುದಿಲ್ಲವೆಂದರೆ ಯಾರು ನಂಬುತ್ತಾರೆ? ಮಗನಿಂದ ಇದನ್ನೆಲ್ಲ ಕೇಳಿ ಬಸವರಾಜುವಿನ ತಾಯಿ ಬಂದು ವೀಳ್ಯ ವಾಪಸು ಇಟ್ಟು, "ನಿಮ್ ಮಗ್ಳಿಗೆ ಅಪ್ಪ ಯಾರು ಅಂತ ಮೊದ್ಲು ತಿಳ್ಕೊಳಿ ಕಣಮ್ಮ" ಎಂದು ಹೋದರು. ನೀವು ಒಳಗಿದ್ದಿರಿ, ಕೇಳಿಸಿಕೊಂಡಿರಿ. ಮೆಟ್ಟು ಮೆಟ್ಟಿಕೊಂಡು ಹೊರಟುಬಿಟ್ಟಿರಿ.

ಹದಿನೆಂಟು ವರ್ಷದಿಂದ ನೀವು ಊಟದ ಡಬ್ಬಿಯಲ್ಲಿ ತರುವ ನೂಲಿನ ತುಂಡುಗಳಿಗೆ, ನಿಮಗೆ ಬಣ್ಣದ ಗುರುತು ಸಿಗಲೆಂದು, ಕೆಂಪಾದರೆ ಒಂದು ಗಂಟು, ಹಸಿರಾದರೆ ಎರಡು ಹಾಕಿ ಕಳಿಸುತ್ತಿರುವವಳು ನಾನು. ಕೆಲಸ ಹೋದೀತೆಂದು ಹೆದರಿ, ಯಾರಿಗೂ ಹೇಳಕೂಡದೆಂದು ಮಗುವಿನ ತಲೆ ಮುಟ್ಟಿಸಿ ಆಣೆ ಹಾಕಿಸಿದವರು ನೀವು. ಅವಳೇ ಈಗ ನನ್ನ ಕೈಯ ಊಟ ಬೇಡವೆನ್ನುತ್ತಾಳೆ. ಆಣೆ ಮುರಿಯಲು ನನಗೆ ಧೈರ್ಯವಿಲ್ಲ, ಮಾವ. ಅವಳಿಗೇನಾದರೂ ಆದರೆ? ಮದುವೆ ಹೋದರೆ ಹೋಗಲಿ. ಭಾನುವಾರ ಬಂದು ಅವಳೊಬ್ಬಳಿಗೆ ನಿಜ ಹೇಳಿ. ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ
ದೇವಿರಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಪಂಕಜ ಬಂದಳು. ನನಗೆ ಹೇಳದೆ ಒಂಟಿಕೊಪ್ಪಲಿಗೆ ಹೋಗಿ, ತಾನು ನಿಮ್ಮ ಮಗಳು ಹೌದೋ ಅಲ್ಲವೋ ಎಂದು ನಿಮ್ಮನ್ನೇ ಕೇಳಿದಳಂತೆ. ನೀವು "ನಿಮ್ಮವ್ವನ್ನೇ ಕೇಳೋಗು" ಎಂದಿರಂತೆ. ಈಗ ಎದುರಿಗೆ ಕೂತು ನನ್ನನ್ನು ಕೇಳುತ್ತಿದ್ದಾಳೆ. ನಾನು ತಲೆ ಎತ್ತದೆ ಇದನ್ನು ಬರೆಯುತ್ತಿದ್ದೇನೆ.